ಹದಿನೆಂಟು ಇಂಚಿನ ಫಲಾನುಭವಿ

1995ರ ಕಾನೂನು ಅಂಗವೈಕಲ್ಯವನ್ನು ಏಳು ಬಗೆಯಾಗಿ ಎಣಿಸಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನು ಇಪ್ಪತ್ತೊಂದಕ್ಕೆ ಏರಿಸಿತು. ಅಂಗವಿಕಲರಿಗಾಗಿ ಗಾಲಿಕುರ್ಚಿಯಂಥ ಸಾಧನ ಕೊಳ್ಳುವ ಖರೀದಿ ಸಮಿತಿಗಳು ಮಾತ್ರ ಈ ಹೆಚ್ಚಳಕ್ಕೆ ಮಣಿದಿಲ್ಲ. ಅವುಗಳ ಕಡತದಲ್ಲಿರುವುದು ಒಬ್ಬನೇ ಅಂಗವಿಕಲ: ಹದಿನೆಂಟು ಇಂಚಿನ ಆಸನ ಆತನ ಸೊಂಟಕ್ಕೆ ಅಳೆದಂತೆ ಕೂರುತ್ತದೆ, ಎರಡೂ ತೋಳುಗಳಲ್ಲಿ ಗಾಲಿ ತಿರುಗಿಸುವ ಕಸುವಿದೆ, ಆತನ ಮನೆಗೆ ಅಗಲವಾದ ಬಾಗಿಲಿದೆ, ಹೊಸ್ತಿಲಂತೂ ಇಲ್ಲವೇ ಇಲ್ಲ. ದಾವಣಗೆರೆ ಜಿಲ್ಲೆಯ ಆರೂ ತಾಲ್ಲೂಕುಗಳನ್ನು ಜಾಲಾಡಿದರೂ ಈ ಮಹಾನುಭಾವ ಸಿಗಲಾರ. ಆದರೂ ಟೆಂಡರ್ ಕರೆಯುವುದು ಆತನ ಅಳತೆಗೇ.

ಸಿಗುವವರು ಬೇರೆಯವರು. ಹಳೇ ಊರಿನ ಓಣಿಯೊಂದರಲ್ಲಿ ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ) ಇರುವ ಏಳು ವರ್ಷದ ಮಗುವನ್ನು ಅಂಥ ಗಾಲಿಕುರ್ಚಿಯಲ್ಲಿ ಕೂರಿಸಲು ತಾಯಿ ಎರಡೂ ಮಗ್ಗುಲಿಗೆ ದಿಂಬು ತುರುಕಿ, ಎದೆಗೆ ಹಳೆಯ ವೇಲ್ ಬಿಗಿಯುತ್ತಾರೆ. ಕಾಲುಗಳು ಪಾದದ ಹಲಗೆಯನ್ನು ಮುಟ್ಟುವುದಿಲ್ಲ. ಕುರ್ಚಿಯ ಒಟ್ಟು ಅಗಲ ಎರಡಡಿಗಿಂತ ಹೆಚ್ಚು, ಬಾಗಿಲು ಸರಿಯಾಗಿ ಎರಡಡಿ. ಹೀಗಾಗಿ ಹೊರಗೆ ಹೊರಟಾಗಲೆಲ್ಲ ಕುರ್ಚಿಯನ್ನು ಮಡಚಿ ತಂದೆ ಎತ್ತಿಕೊಳ್ಳುತ್ತಾರೆ, ಮಗುವನ್ನು ತಾಯಿ ಎತ್ತಿಕೊಳ್ಳುತ್ತಾರೆ. ‘ಸಾಧನವು ಸದುಪಯೋಗವಾಗುತ್ತಿದೆ’ ಎಂದು ಬಳಕೆ ಪ್ರಮಾಣಪತ್ರದಲ್ಲಿ ಬರೆದಿರುವುದನ್ನು ಸುಳ್ಳೆನ್ನಲಾಗದು, ಏಕೆಂದರೆ ಉಳಿದ ವೇಳೆಯಲ್ಲಿ ಒಗೆದ ಬಟ್ಟೆಗಳು ಅದರ ಮೇಲೆಯೇ ಒಣಗುತ್ತವೆ.

ಕೊಳ್ಳುವವರು ಒಟ್ಟಾದರೆ ಬೆಲೆ ಇಳಿಯುತ್ತದೆ ಎಂಬ ವ್ಯಾಪಾರದ ಸತ್ಯವನ್ನು ಈ ಊರಿಗೆ ಯಾರೂ ಕಲಿಸಬೇಕಾಗಿಲ್ಲ. ಆದ್ದರಿಂದ ಜಿಲ್ಲೆಯ ಹನ್ನೆರಡು ಸಣ್ಣ ಸಂಸ್ಥೆಗಳು, ಅಂದರೆ ಕೆಲವು ವಿಶೇಷ ಶಾಲೆಗಳು, ಹಗಲು ಪಾಲನಾ ಕೇಂದ್ರಗಳು ಮತ್ತು ಮಾನಸಿಕ ರೋಗಿಗಳ ಪುನರ್ವಸತಿ ಕೇಂದ್ರಗಳು, ಮಕ್ಕಳ ಅಳತೆ ತೆಗೆದು, ಬೇಕಾದ ಆಸನಗಳನ್ನೂ ವಯಸ್ಕರ ಡೈಪರ್‌ಗಳನ್ನೂ ಒಟ್ಟಾಗಿ ಕೊಳ್ಳಲು ನಿರ್ಧರಿಸಿದವು ಎಂದುಕೊಳ್ಳಿ. ವರ್ತಕರು ಕೂಡಲೇ ಒಪ್ಪಿದರು: ‘ಒಂದೇ ಬಿಲ್ಲಾದರೆ ನೂರಕ್ಕೆ ಹದಿನೈದು ಬಿಡ್ತೀನಿ ಸರ. ಹನ್ನೆರಡು ಬಿಲ್ ಅಂದ್ರೆ ಹನ್ನೆರಡು ಗಿರಾಕಿ, ಚಿಲ್ಲರೆ ರೇಟು.’ ಅನುದಾನ ಕೊಡುವ ಕಚೇರಿಯಲ್ಲಿ ಕಡತ ನೋಡುವ ಕೇಸ್ ವರ್ಕರ್ ಒಪ್ಪಲಿಲ್ಲ. ಅನುದಾನ ಪಡೆದ ಸಂಸ್ಥೆಯ ಹೆಸರಿಗೇ ಬಿಲ್ ಇರಬೇಕು, ಅದರ ದಾಸ್ತಾನು ಪುಸ್ತಕದಲ್ಲೇ ನಮೂದಾಗಬೇಕು, ಜೊತೆಗೆ ಪ್ರತಿಯೊಂದಕ್ಕೂ ಮೂರು ದರಪಟ್ಟಿ ಬೇಕು. ಹನ್ನೆರಡನ್ನು ಮೂರರಿಂದ ಗುಣಿಸಿದರೆ ಮೂವತ್ತಾರು ದರಪಟ್ಟಿ. ಅಷ್ಟು ಅಂಗಡಿಗಳು ಎಲ್ಲಿಯೂ ಇಲ್ಲದ ಕಾರಣ ಒಂದೇ ಅಂಗಡಿಯವರು ಮೂರು ಲೆಟರ್‌ಹೆಡ್‌ಗಳನ್ನು ಇಟ್ಟುಕೊಂಡಿರುತ್ತಾರೆ. ಈ ರಹಸ್ಯ ಲೆಕ್ಕಪರಿಶೋಧಕರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತು. ರಿಯಾಯಿತಿ ಹೋಯಿತು, ಪಾರದರ್ಶಕತೆ ಉಳಿಯಿತು.

ತೆರಿಗೆಯ ತರ್ಕ ಇನ್ನೂ ಸೊಗಸಾದುದು. 2017ರಲ್ಲಿ ಜಿಎಸ್‌ಟಿ ಬಂದಾಗ ಗಾಲಿಕುರ್ಚಿಗೆ ಶೇ 5ರಷ್ಟು ತೆರಿಗೆ ಬಿದ್ದು ಟೀಕೆ ಎದ್ದಿತು. ತೆರಿಗೆಯನ್ನೇ ತೆಗೆದುಹಾಕಿದರೆ ಕಚ್ಚಾ ಸಾಮಗ್ರಿಗೆ ಕಟ್ಟಿದ ತೆರಿಗೆ ದೇಶೀಯ ತಯಾರಕರಿಗೆ ಮರಳಿ ಸಿಗುವುದಿಲ್ಲ, ಹಾಗಾಗಿ ತೆರಿಗೆ ಹಾಕುವುದೇ ಅನುಕೂಲ ಎಂದು ಹಣಕಾಸು ಸಚಿವಾಲಯ ವಿವರಿಸಿತು. ಶ್ರವಣ ಸಾಧನಕ್ಕೆ ಮಾತ್ರ ತೆರಿಗೆ ಇಲ್ಲ. ಕಾಲಿಗೆ ಅನ್ವಯಿಸುವ ಅರ್ಥಶಾಸ್ತ್ರ ಕಿವಿಯ ತನಕ ಏಕೆ ಏರಲಿಲ್ಲ ಎಂಬುದನ್ನು ಬಲ್ಲವರೇ ಹೇಳಬೇಕು.

ಮಾನಸಿಕ ಕಾಯಿಲೆಯೂ ಆ ಇಪ್ಪತ್ತೊಂದರಲ್ಲಿ ಒಂದು. ಆದರೆ ಅದಕ್ಕೊಂದು ಮೂಲಭೂತ ದೋಷವಿದೆ, ಏನೆಂದರೆ ವೇದಿಕೆಯ ಮೇಲೆ ವಿತರಿಸಲು ಅದರಲ್ಲಿ ಏನೂ ಇಲ್ಲ. ತ್ರಿಚಕ್ರ ವಾಹನಕ್ಕೆ ಹಾರ ಹಾಕಿ, ಕೀಲಿಕೈ ಕೊಟ್ಟು, ಫೋಟೊ ತೆಗೆಸಿಕೊಳ್ಳಬಹುದು; ತಿಂಗಳಿಗೊಮ್ಮೆ ತಪ್ಪದೆ ಸಿಗಬೇಕಾದ ಮಾತ್ರೆಯ ಸ್ಟ್ರಿಪ್‌ಗೆ ಯಾವ ಗಣ್ಯರು ಹಾರ ಹಾಕುತ್ತಾರೆ? ತಾಲ್ಲೂಕು ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ನೀಡಬಹುದೆಂದು ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲೇ ತೋರಿಸಿಕೊಟ್ಟಿತ್ತು, ಅದೇ ಮಾದರಿ ಮುಂದೆ ದೇಶಕ್ಕೆಲ್ಲ ಕಾರ್ಯಕ್ರಮವಾಯಿತು. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಷ್ಟೇ ವಿಮೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳಿತು. ಇಷ್ಟಾದರೂ ‘ಸ್ಟಾಕ್ ಇಲ್ಲ, ಮುಂದಿನ ತಿಂಗಳು ಬನ್ನಿ’ ಎಂಬ ಉತ್ತರಕ್ಕೆ ಮಾತ್ರ ಎಂದೂ ಸ್ಟಾಕ್ ಮುಗಿದಿಲ್ಲ. ನಡುವಿನ ತಿಂಗಳಲ್ಲಿ ಕಾಯಿಲೆ ಮರುಕಳಿಸಿದರೆ ಅದು ಖರೀದಿ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ.

ವಸ್ತು ಬರಲಿ ಬಿಡಲಿ, ಸುತ್ತೋಲೆ ಬರುತ್ತದೆ. ಶನಿವಾರ ಸಂಜೆ ಕಚೇರಿ ಮುಚ್ಚಿದ ಮೇಲೆ, ‘ಅತಿ ಜರೂರು’ ಎಂಬ ಮೊಹರಿನೊಡನೆ, ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಮಾಹಿತಿಯನ್ನು ಹಿಂದಿನ ದಿನದೊಳಗೆ ಸಲ್ಲಿಸುವಂತೆ ಸೂಚಿಸುತ್ತದೆ. 2024ರ ಅಕ್ಟೋಬರ್‌ನಲ್ಲಿ ನಿಯಮ ತಿದ್ದುಪಡಿಯಾಗಿ ಯುಡಿಐಡಿ ಕಾರ್ಡುಗಳು, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗಳು, ವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ ಬಿಳಿ, ಹಳದಿ, ನೀಲಿ ಬಣ್ಣ ತಾಳಿದ ಮೇಲೆ, ಬಣ್ಣವಾರು ಪಟ್ಟಿ ಕೇಳುವ ಸುತ್ತೋಲೆಯೊಂದು ಬಂತೆನ್ನಿ. ಅದು ಅಂಧರ ಸಂಸ್ಥೆಯೊಂದರ ಅಂಧ ಮುಖ್ಯಸ್ಥರಿಗೂ ತಲುಪುತ್ತದೆ, ಅದೂ ಮೇಜಿನ ಮೇಲಿಟ್ಟ ಕಾಗದವನ್ನು ಓರೆಯಾಗಿ ಮೊಬೈಲಿನಲ್ಲಿ ತೆಗೆದ ಚಿತ್ರವಾಗಿ. ಅವರ ಕಂಪ್ಯೂಟರಿನ ಓದುವ ತಂತ್ರಾಂಶ ಅದನ್ನು ‘ಚಿತ್ರ’ ಎಂದಷ್ಟೇ ಓದಿ ಸುಮ್ಮನಾಗುತ್ತದೆ. ಎಲೆಕ್ಟ್ರಾನಿಕ್ ಮಾಹಿತಿ ಅಂಗವಿಕಲರಿಗೆ ಎಟುಕುವಂತಿರಬೇಕೆಂದು 2016ರ ಕಾಯ್ದೆಯ 42ನೇ ಕಲಮು ಹೇಳಿರುವುದರಿಂದ, ಆ ಕಲಮನ್ನು ಪಾಲಿಸತಕ್ಕದ್ದೆಂಬ ಸುತ್ತೋಲೆಯೂ ಇದೇ ರೀತಿ ಬಂದರೆ ಅಚ್ಚರಿಪಡಬೇಕಾಗಿಲ್ಲ.

ಹನ್ನೆರಡು ಸಂಸ್ಥೆಗಳ ಕಥೆಗೆ ಬರುವುದಾದರೆ, ಅವರಿಗೊಂದು ದಾರಿ ಸೂಚಿಸಲಾಯಿತು: ಒಕ್ಕೂಟವೊಂದನ್ನು ನೋಂದಾಯಿಸಿ ಅದರ ಹೆಸರಿನಲ್ಲಿ ಒಟ್ಟಾಗಿ ಖರೀದಿಸಬಹುದು. ಒಕ್ಕೂಟ ನೋಂದಣಿಯಾದ ಮರುದಿನ, ಅನುದಾನಕ್ಕೆ ಅರ್ಹವಾಗಲು ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿ ಬೇಕೆಂದು ತಿಳಿಯಿತು. ಮೊದಲ ವರ್ಷದ ಲೆಕ್ಕಪರಿಶೋಧನೆ ಮುಗಿದಿದೆ. ಯಾವುದೇ ಖರೀದಿ ನಡೆಯದಿರುವುದರಿಂದ ಒಂದೇ ಒಂದು ಆಕ್ಷೇಪಣೆಯೂ ಇಲ್ಲವೆಂದು ಪ್ರಶಂಸೆಯ ಷರಾ ಬಿದ್ದಿದ್ದು, ಇತರ ಜಿಲ್ಲೆಗಳೂ ಇದೇ ಮಾದರಿಯನ್ನು ಅನುಸರಿಸುವಂತೆ ಸುತ್ತೋಲೆ ಸಿದ್ಧವಾಗುತ್ತಿದೆ.