ಮಿಕ್ಸರ್ ಮೂರಕ್ಕಿಟ್ಟರೆ ಉಂಡಿ ಆಗದು

ಮಿಕ್ಸರ್ ಕಂಡುಹಿಡಿದವರು ಪಂಚಮಿ ಉಂಡಿ ತಿಂದವರಲ್ಲ. ತಿಂದಿದ್ದರೆ ಅದರ ಗುಂಡಿಯ ಸುತ್ತ ಒಂದು, ಎರಡು, ಮೂರು ಅಂತ ಬರೆದು ಕೈತೊಳೆದುಕೊಳ್ಳುತ್ತಿರಲಿಲ್ಲ. 'ತರಿ' ಅಂತಲೂ ಒಂದು ಕಡೆ ಬರೆದಿರುತ್ತಿದ್ದರು. ನಮ್ಮ ಬಾಗಲಕೋಟೆ ಕಡೆ ಸಿಹಿಯ ಜೀವ ಇರುವುದೇ ಆ ತರಿಯಲ್ಲಿ. ಶೇಂಗಾ ಉಂಡಿ ಬಾಯಲ್ಲಿ ಸುಮ್ನೆ ಕರಗಬಾರದು, ಹಲ್ಲಿಗೆ ಸ್ವಲ್ಪ ಕೆಲಸ ಕೊಡಬೇಕು. ಗೋಧಿ-ಬೆಲ್ಲದ ಪುಡಿಸಿಹಿ ಮಾದಲಿಯೂ ಅಷ್ಟೇ. ನುಣ್ಣಗಾದರೆ ಅಂಗುಳಕ್ಕೆ ಅಂಟಿಕೊಂಡು ಮಾತೇ ಹೊರಡುವುದಿಲ್ಲ. ನಿಮಿಷಕ್ಕೆ 18,000 ಸುತ್ತು ತಿರುಗುವ ಬ್ಲೇಡಿಗೆ ಇದನ್ನೆಲ್ಲ ಯಾರು ತಿಳಿಸಿ ಹೇಳಬೇಕು?

ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಅಷ್ಟರೊಳಗೆ ಡಬ್ಬಿಗಳು ತುಂಬಿರಬೇಕು. ಶೇಂಗಾ, ಎಳ್ಳು, ಬೇಸನ್, ರವೆ, ಗುಳ್ಳಡಕಿ. ಈ ಸಲ ಅತ್ತೆಯವರು ಕೆಲಸ ಹಂಚುವಾಗ ಶೇಂಗಾ ಬಿದ್ದದ್ದು ನಮ್ಮ ಮನೆಯವರ ಪಾಲಿಗೆ. "ಬರೇ ಗುಂಡಿ ತಿರುವೋದು, ಅದ್ರಾಗೇನೈತಿ" ಅಂತ ಅವರೇ ಕೇಳಿ ಪಡೆದದ್ದು ಅನ್ನಿ.

ಹುರಿದು ಸಿಪ್ಪೆ ತೆಗೆದ ಶೇಂಗಾ ಇನ್ನೂ ಬಿಸಿ ಇತ್ತು. ಅದನ್ನೇ ಜಾರಿನ ತುಂಬ ಸುರಿದರು. ಮೂರಕ್ಕಿಟ್ಟರು. ಒಂದು ಕೈ ಮುಚ್ಚಳದ ಮೇಲೆ, ಇನ್ನೊಂದು ಕೈಯಲ್ಲಿ ಪೇಪರ್. ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಬಿಸಿಯಿದ್ದಾಗ ಜಾಸ್ತಿ ತಿರುಗಿಸಿದರೆ ಅದೆಲ್ಲ ಹೊರಗೆ ಬರುತ್ತದೆ. ಮೊದಲು ಗರಗರ ಸದ್ದು ಬಂತು, ಆಮೇಲೆ ಸುಯ್ಯೆಂದಿತು, ಆಮೇಲೆ ಗುಳುಗುಳು. ಕ್ರಿಕೆಟ್ ಸುದ್ದಿ ಮುಗಿಯುವಷ್ಟರಲ್ಲಿ ಜಾರಿನಲ್ಲಿ ಹೊಳೆಯುವ ಕಂದು ಕೆಸರು ತಯಾರಾಗಿತ್ತು.

ಅತ್ತೆಯವರು ಬಗ್ಗಿ ನೋಡಿದರು. "ಉಂಡಿ ಮಾಡಾಕ ಶೇಂಗಾ ಕೊಟ್ರ ಗಾಣಾ ಹಾಕೀಯಲ್ಲೋ!"

ನಮ್ಮ ಮನೆಯಲ್ಲಿ ಮಿಕ್ಸರ್ ಏನೇ ಎಡವಟ್ಟು ಮಾಡಿದರೂ ಮಾತು ಹೋಗಿ ನಿಲ್ಲುವುದು ಆಲಮಟ್ಟಿ ಡ್ಯಾಮಿನಲ್ಲಿ. ಹಳೇ ಊರಿನ ಅಡುಗೆಮನೆಯಲ್ಲಿ ನೆಲಕ್ಕೆ ಹೂತಿದ್ದ ದೊಡ್ಡ ಒರಳಿತ್ತು. ಮುಳುಗಡೆಯಾಗಿ ನವನಗರಕ್ಕೆ ಬರುವಾಗ ಬಾಗಿಲು, ತೊಲೆ, ದೇವರ ಜಗಲಿ ಎಲ್ಲ ಬಂದವು. ಒರಳು ಮಾತ್ರ ಮೇಲೇಳಲಿಲ್ಲ. ಹಿನ್ನೀರು ಎಲ್ಲಿವರೆಗೆ ನಿಲ್ಲಬೇಕು ಅಂತ 519.60 ಮೀಟರ್ ಎಂದು ದಶಾಂಶ ಬಿಡದೆ ಲೆಕ್ಕ ಹಾಕಿದ್ದಾರೆ. ಒರಳು ಆ ಲೆಕ್ಕಕ್ಕೇ ಬರಲಿಲ್ಲ ಎಂಬುದು ಅತ್ತೆಯವರ ದುಃಖ. ಅದರಲ್ಲಿ ರುಬ್ಬಿದ ಹೂರಣದ ರುಚಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಇದೆ. ರುಬ್ಬುವಾಗ ಬರುತ್ತಿದ್ದ ರಟ್ಟೆ ನೋವು ಮಾತ್ರ ಅವರಿಗೆ ಮರೆತಂತಿದೆ.

ಅಮ್ಮನಿಂದ ಬೈಸಿಕೊಂಡ ಮಗ ಸುಮ್ಮನೆ ಕೂರುತ್ತಾರಾ? ಬೆಲ್ಲ ಹಾಕಿದರೆ ಸರಿಹೋಗುತ್ತದೆ ಅಂತ ಮಹಾಲಿಂಗಪುರದ ಬೆಲ್ಲದ ಹೆಂಟೆಯನ್ನು ಜಜ್ಜದೆ, ತುರಿಯದೆ ಹಾಗೇ ಜಾರಿಗೆ ಹಾಕಿದರು. ಮಿಕ್ಸರ್ 'ಗುಂಯ್' ಅಂತ ನರಳಿ ನಿಂತೇ ಹೋಯಿತು. ಜಿಟಿಜಿಟಿ ಮಳೆಯಲ್ಲಿ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ರಿಪೇರಿ ಅಂಗಡಿಗೆ ಓಡಿದರು. ಹಬ್ಬದ ಮುಂದೆ ಅಲ್ಲೂ ಪಾಳಿ. ಎಲ್ಲರ ಕಂಕುಳಲ್ಲೂ ಮಿಕ್ಸರ್. ಪಾಳಿ ಬಂದಾಗ ಅಂಗಡಿಯವನು ಅದನ್ನು ಬುಡಮೇಲು ಮಾಡಿ, ಅಡಿಯಲ್ಲಿದ್ದ ಕೆಂಪು ಗುಂಡಿ ಒತ್ತಿ, ವಾಪಸ್ ಕೊಟ್ಟ. ಭಾರ ಜಾಸ್ತಿಯಾದರೆ ಮೋಟಾರು ಸುಡದಿರಲಿ ಅಂತ ಅದು ತಾನೇ ಕರೆಂಟು ಕಡಿಯುತ್ತದಂತೆ. ದುಡ್ಡು ಬೇಡ ಅಂದನಂತೆ. ಇವರೇ ಒತ್ತಾಯ ಮಾಡಿ ಕೊಟ್ಟು ಬಂದರು. ದುಡ್ಡಿಲ್ಲದೆ ರಿಪೇರಿಯಾಯಿತು ಅಂದರೆ ಮನೆಯಲ್ಲಿ ಮರ್ಯಾದೆ ಉಳಿಯುತ್ತದಾ? ನಮಗೆ ಹೇಳಿದ್ದು "ಆರ್ಮೇಚರ್ ಪ್ರಾಬ್ಲಮ್". ನಿಜ ಹೊರಬಿದ್ದದ್ದು ಅದೇ ಪಾಳಿಯಲ್ಲಿ ನಿಂತಿದ್ದ ಪಕ್ಕದ ಮನೆಯವರಿಂದ.

ಅಷ್ಟರಲ್ಲಿ ಅತ್ತೆಯವರು ಉಳಿದ ಶೇಂಗಾವನ್ನು ಬಟ್ಟೆಯ ಮೇಲೆ ಹರವಿ ಲಟ್ಟಣಿಗೆ ಉರುಳಿಸಿದ್ದರು. ಹೇಳಿ ಮಾಡಿಸಿದಂಥ ತರಿ! ಮಿಕ್ಸರಿನಲ್ಲೇ ಮಾಡಬೇಕೆಂದರೂ ದಾರಿ ಇದೆ. ಶೇಂಗಾ ಪೂರ್ತಿ ಆರಿರಬೇಕು, ಜಾರು ಅರ್ಧ ಖಾಲಿ ಇರಬೇಕು, ಗುಂಡಿಯನ್ನು ಉಲ್ಟಾ ತಿರುಗಿಸಿ ತಿರುಗಿಸಿ ಬಿಡಬೇಕು. ಪೇಪರ್ ಓದಲು ಅದರಲ್ಲಿ ಪುರುಸೊತ್ತಿಲ್ಲ, ಅಷ್ಟೇ.

ಆ ಕೆಸರನ್ನೂ ಚೆಲ್ಲಲಿಲ್ಲ. ಹುರಿದ ಎಳ್ಳಿನ ಪುಡಿ, ಪುಟಾಣಿ ಹಿಟ್ಟು ಬೆರೆಸಿದಾಗ ಎಣ್ಣೆ ಹೀರಿಕೊಂಡಿತು. ಬೆಲ್ಲ, ಏಲಕ್ಕಿ ಸೇರಿಸಿ ಶೇಂಗಾ ಹೋಳಿಗೆಗೆ ತುಂಬಿದೆವು. ಜೋಕಾಲಿ ಆಡಿ ಹಸಿದು ಬಂದ ನಾದಿನಿ ಅದನ್ನು ತಿಂದು, "ಈ ಸಲ ಭಾಳ ಮೆತ್ತಗಾಗ್ಯಾವಲ್ಲ ವೈನಿ, ಹೆಂಗ ಮಾಡಿದ್ರಿ?" ಅಂದಳು.

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು ಕುರ್ಚಿ ಎಳೆದುಕೊಂಡು ಕೂತರು. "ನಾ ಹೇಳ್ತೀನಿ ಕೇಳು. ಮೊದ್ಲ ಮಿಕ್ಸರ್ ಮೂರಕ್ಕಿಡಬೇಕು..."

"ಮೊದ್ಲ ಪೇಪರ್ ತಗೋಬೇಕು" ಅಂದರು ಅತ್ತೆಯವರು ಒಳಗಿಂದ.