ಕಿನ್ನರಿಯರಿಗೆ ಇಂಟರ್‌ಲಾಕ್ ಸ್ವಾಗತ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ನೀಲೇಶ್ವರದವರೆಗೆ ಈಚೆಗೆ ಎದ್ದ ಹೋಂಸ್ಟೇಗಳ, ಹೊಸ ಮನೆಗಳ ಅಂಗಳದಲ್ಲಿ ಕಿನ್ನರಿಯರಿಗೆಂದೇ ಕೈತೋಟ ಮಾಡುವ ಹೊಸ ಭಕ್ತಿಯೊಂದು ಕಾಣಿಸಿಕೊಂಡಿದೆ. ಯುರೋಪಿನ ಜನಪದ ಕತೆಗಳಲ್ಲಿ ಹೂವಿನ ಮರೆಯಲ್ಲಿಯೂ ಅಣಬೆಯ ಬುಡದಲ್ಲಿಯೂ ಸುಳಿದಾಡುವ ಅಗೋಚರ ಜೀವಿಗಳೇ ಈ ಅತಿಥಿಗಳು. ಅವರಿಗೆ ಬೇಕಾದ ಗೇಣುದ್ದದ ಬಾಗಿಲು, ಬಿಳಿ ಚುಕ್ಕೆಯ ಕೆಂಪು ಅಣಬೆ, ಬಣ್ಣ ಬದಲಿಸುವ ಸೋಲಾರ್ ದೀಪ, ಪ್ಲಾಸ್ಟಿಕ್ಕಿನ ಪಾಚಿ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಆನ್‌ಲೈನಿನಿಂದ ಬರುತ್ತವೆ. ಮಳೆಗಾಲದಲ್ಲಿ ತಾನಾಗಿ ಕಟ್ಟಿದ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ತೆಗೆದು, ಅದೇ ಜಾಗದಲ್ಲಿ ಈ ಪಾಚಿಯನ್ನು ಗೋಂದಿನಿಂದ ಅಂಟಿಸುವ ಗೃಹಸ್ಥರ ಶ್ರದ್ಧೆಯನ್ನು ಯಾರೂ ಅನುಮಾನಿಸುವಂತಿಲ್ಲ.

ತೊಡಕು ಇರುವುದು ಅತಿಥಿಗಳ ಕಡೆಯ ಷರತ್ತುಗಳಲ್ಲಿ. ಐರ್ಲೆಂಡ್, ಸ್ಕಾಟ್ಲೆಂಡುಗಳ ಹಳ್ಳಿಗರ ನಂಬಿಕೆಯಂತೆ ಕಿನ್ನರಿಯರಿಗೆ ಕಬ್ಬಿಣ ಆಗದು. ಅವರು ನಡೆದಾಡುವ ಹಾದಿಯ ಮೇಲೆ ಮನೆ ಕಟ್ಟಬಾರದು. ಹೊಲದ ನಡುವೆ ಒಂಟಿಯಾಗಿ ನಿಂತ ಹಾಥಾರ್ನ್ ಎಂಬ ಮುಳ್ಳುಮರವನ್ನು ಕಡಿಯಬಾರದು. ಅಣಬೆಗಳು ಬಳೆಯಂತೆ ಸುತ್ತಲೂ ಎದ್ದ ಕಡೆ ಕಾಲಿಡಬಾರದು. ರಾತ್ರಿ ಅವರಿಗೆಂದು ಒಂದಿಷ್ಟು ಹಾಲು ಇಡಬೇಕು. ಇದನ್ನು ಕೇಳಿದರೆ ನಮ್ಮ ಕಡೆಯ ಯಾವ ಅಜ್ಜಿಗೂ ಆಶ್ಚರ್ಯವಾಗಲಿಕ್ಕಿಲ್ಲ. ತುಳುವರ ಆಟಿ ತಿಂಗಳ ಅಮಾವಾಸ್ಯೆಯ ನಸುಕಿನಲ್ಲಿ ಪಾಲೆ ಮರದ ತೊಗಟೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆಯುವುದು, ನಾಗನಿಗೆಂದು ಬಿಟ್ಟ ಕಾಡಿನ ತುಣುಕಾದ ಬನದೊಳಗಿನ ಒಣ ಕಡ್ಡಿಯನ್ನೂ ಒಲೆಗೆ ತರದಿರುವುದು, ನಾಗನಿಗೆ ಹಾಲೆರೆದು ತಂಬಿಲವೆಂಬ ಪೂಜೆ ಕೊಡುವುದು ಇಲ್ಲಿಯವರಿಗೆ ಗೊತ್ತಿದ್ದ ಸಂಗತಿಗಳೇ. ಪಾಲೆಯ ಹೂವು ರಾತ್ರಿ ಘಮ್ಮೆನ್ನುವ ಕಾಲದಲ್ಲಿ ಅದರ ಬುಡದಲ್ಲಿ ನಿಂತು, ದಾರಿಹೋಕರಲ್ಲಿ ಎಲೆಯಡಿಕೆಗೆ ಒಂದಿಷ್ಟು ಸುಣ್ಣ ಕೇಳುವ ಯಕ್ಷಿಯ ಕತೆ ಮಲಯಾಳ ಮಾತಾಡುವ ನೆರೆಮನೆಯಿಂದ ಬೇಲಿ ದಾಟಿ ನಮ್ಮ ಮನೆಗೂ ಬಂದಿತ್ತು. ಆಕೆಗೂ ಕಬ್ಬಿಣವೆಂದರೆ ಭಯ. ಇಷ್ಟೊಂದು ಹೊಂದಾಣಿಕೆ ಇರುವಾಗ ವಿದೇಶದಿಂದ ಬರುವವರನ್ನು ಹೊಸ ತೋಟದ ಖರ್ಚಿಲ್ಲದೆ ನಮ್ಮ ಬನದಲ್ಲಿಯೇ ಇಳಿಸಬಹುದಿತ್ತು. ಬನ ಇದ್ದಿದ್ದರೆ.

ಬನಕ್ಕೆ ಜೀರ್ಣೋದ್ಧಾರವಾಗಿದೆ. ಬೋಗಿ, ರೆಂಜೆ, ನಾಗಸಂಪಿಗೆ, ನಾಗರಬೆತ್ತ, ಹೆಸರು ಗೊತ್ತಿಲ್ಲದ ಹತ್ತಾರು ಬಳ್ಳಿಗಳು ಒಂದಕ್ಕೊಂದು ಹೆಣೆದುಕೊಂಡು ನಡುಮಧ್ಯಾಹ್ನವೂ ಮಬ್ಬಾಗಿರುತ್ತಿದ್ದ ಆ ತಾಣದಲ್ಲಿ ನಾಗನಿಗೆ ತೀರಾ ಅನನುಕೂಲವಾಗುತ್ತಿತ್ತೆಂದು ಊರಿನ ಹಿತೈಷಿಗಳಿಗೆ ಮನವರಿಕೆಯಾದುದರಿಂದ, ಜೆಸಿಬಿ ತರಿಸಿ ನೆಲ ಸಮತಟ್ಟು ಮಾಡಿ, ಸಿಮೆಂಟಿನ ಕಟ್ಟೆ ಎಬ್ಬಿಸಿ, ಅದಕ್ಕೆ ನುಣುಪಾದ ಗ್ರಾನೈಟ್ ಹೊದಿಸಿ, ಸುತ್ತಲೂ ಕಬ್ಬಿಣದ ಗೇಟು ಹಾಕಿ, ಹೊರಗೆ ಕಾರು ನಿಲ್ಲಿಸಲು ಇಂಟರ್‌ಲಾಕ್ ಎಂಬ ಸಿಮೆಂಟಿನ ಬಿಲ್ಲೆಗಳನ್ನು ಹಾಸಲಾಯಿತು. ಇಂಟರ್‌ಲಾಕಿನ ಮಹಿಮೆಯನ್ನು ಇಲ್ಲಿ ತುಸು ಬಣ್ಣಿಸಲೇಬೇಕು. ಅದನ್ನು ಹಾಸಿದ ಕಡೆ ಹುಲ್ಲು ಬೆಳೆಯುವುದಿಲ್ಲ, ಎರೆಹುಳು ಏಳುವುದಿಲ್ಲ, ಹಾವಿಗೆ ಬಿಲವಿಲ್ಲ, ಮಳೆಯ ನೀರು ಮಣ್ಣಿಗಿಳಿಯುವ ಬದಲು ನೆರೆಯವನ ಅಂಗಳಕ್ಕೆ ಹೋಗುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಮಾರ್ಚ್ ತಿಂಗಳಿಗೆ ಬಾವಿ ಬತ್ತಿಸುವ ಈ ವಿದ್ಯೆ ಸಾಧಾರಣದ್ದಲ್ಲ. ಕಟ್ಟೆಯ ಮೇಲೆ ಈಗ ನಾಗನ ಕಲ್ಲು ಬಿಸಿಲಿಗೆ ಕಾಯುತ್ತಿದೆ. ನೆರಳು ಬೇಕೆಂದು ತಗಡಿನ ಚಪ್ಪರವನ್ನೂ ಹಾಕಿಸಿದ್ದಾರೆ. ದಾನಿಗಳ ಹೆಸರುಗಳಂತೂ ಸ್ಪಷ್ಟವಾಗಿ ಓದಲು ಬರುತ್ತವೆ. ಮೊದಲಿನ ಕತ್ತಲೆಯಲ್ಲಿ ಅದು ಸಾಧ್ಯವಿರಲಿಲ್ಲ.

ಐರ್ಲೆಂಡಿನವರು ಈ ವಿಷಯದಲ್ಲಿ ಇನ್ನೂ ಹಿಂದುಳಿದಿದ್ದಾರೆ. ಅಲ್ಲಿನ ಕ್ಲೇರ್ ಪ್ರಾಂತ್ಯದ ಲಟೂನ್ ಎಂಬಲ್ಲಿ 1999ರಲ್ಲಿ ಹೆದ್ದಾರಿಯ ಕೆಲಸಕ್ಕೆ ಒಂದು ಮುಳ್ಳುಮರ ಅಡ್ಡ ಬಂದಾಗ, ಎಡ್ಡಿ ಲೆನಿಹಾನ್ ಎಂಬ ಕತೆಗಾರರು ಅದು ಕಿನ್ನರಿಯರು ಸೇರುವ ಜಾಗವೆಂದು ಬಹಿರಂಗವಾಗಿ ಎಚ್ಚರಿಸಿದರು. ಅಲ್ಲಿನ ಆಡಳಿತ ಅವರನ್ನು ನೋಡಿ ನಗುವ ಬದಲು ಮರವನ್ನು ಉಳಿಸಿಕೊಂಡು ರಸ್ತೆಯನ್ನು ಮುಗಿಸಿತು. ನಮ್ಮ ರಾಷ್ಟ್ರೀಯ ಹೆದ್ದಾರಿ 66ರ ಷಟ್ಪಥ ಕಾಮಗಾರಿ ತಲಪಾಡಿಯಿಂದ ತೊಡಗಿ ದಕ್ಷಿಣಕ್ಕೆ ಹೊರಟಾಗ ಇಂತಹ ಮೂಢನಂಬಿಕೆಗಳಿಗೆ ಅವಕಾಶ ಸಿಗಲಿಲ್ಲ. ಇಕ್ಕೆಲಗಳ ಸಾಲುಮರಗಳಲ್ಲಿ ಯಾರು ಯಾರು ವಾಸವಾಗಿದ್ದರೆಂದು ಪರಿಹಾರದ ಪಟ್ಟಿ ಮಾಡುವವರು ಕೇಳಲಿಲ್ಲ, ವಾಸವಾಗಿದ್ದವರ ಬಳಿ ಭೂದಾಖಲೆಯೂ ಇರಲಿಲ್ಲ. ಹೆದ್ದಾರಿಯ ನಡುವಿನ ತೆಳು ಪಟ್ಟಿಯಲ್ಲಿ ಗಿಡ ನೆಡುತ್ತಾರೆ, ಒಪ್ಪಿದೆ. ಆರು ಪಥಗಳ ಮಧ್ಯೆ ಹಾರಾಡಲು ಕಿನ್ನರಿಯರಿಗೆ ಹೆಲ್ಮೆಟ್ ಒದಗಿಸುವುದೊಂದು ಬಾಕಿ.

ಅತಿಥಿಗಳು ರೆಕ್ಕೆ ಇರುವವರಾದುದರಿಂದ ರೆಕ್ಕೆಯ ವಿಚಾರವನ್ನೂ ನೋಡಬೇಕು. ಕೇರಳ ಸರಕಾರ 2018ರಲ್ಲಿ ರಾಜ್ಯದ ಚಿಟ್ಟೆಯೆಂದು ಘೋಷಿಸಿದ ಬುದ್ಧಮಯೂರಿಯ ರೆಕ್ಕೆಯ ಮೇಲಿನ ನೀಲಿ ಹಸುರು ಪಟ್ಟಿಯನ್ನು ಕಂಡವರು ಬೇರೆ ಕಿನ್ನರಿಯನ್ನು ಕೇಳಲಿಕ್ಕಿಲ್ಲ. ಅದು ಮೊಟ್ಟೆಯಿಡುವುದು ಜುಮ್ಮನಕಾಯಿ ಮರದಲ್ಲಿ, ಅಂದರೆ ಕೊಂಕಣಿಗರು ಬಂಗುಡೆ ಪದಾರ್ಥಕ್ಕೆ ಹಾಕುವ ತೆಪ್ಪಳದ ಮರದಲ್ಲಿ. ಮೈಯೆಲ್ಲ ಮುಳ್ಳಿರುವುದರಿಂದ ರಬ್ಬರ್ ಹಾಕುವಾಗ ಅದನ್ನೇ ಮೊದಲು ಕಡಿದದ್ದು. ಗೇಣಿಗೆ ಸಮೀಪದ ಕಪ್ಪು ಹಳದಿ ರೆಕ್ಕೆ ಬೀಸುವ ಇನ್ನೊಂದು ದೊಡ್ಡ ಚಿಟ್ಟೆಯ ಮರಿಹುಳ ಈಶ್ವರಬಳ್ಳಿಯನ್ನೂ ಅದರ ಹತ್ತಿರದ ಬಳಗದ ಗಿಡಗಳನ್ನೂ ಮಾತ್ರ ತಿನ್ನುತ್ತದೆ. ಕಿನ್ನರಿಯರ ತೋಟದಲ್ಲಿ ಎಲೆ ತಿನ್ನುವ ಹುಳ ಕಂಡರೆ ಮಾಲಿಗೆ ಬೈಗುಳ. ಆಕಾಶದಿಂದ ಇಳಿದುಬರುವವರ ಬಗ್ಗೆ ಈ ಜಿಲ್ಲೆಗೆ ಅನುಭವವಿಲ್ಲವೆಂದೇನೂ ಅಲ್ಲ. ಸರಕಾರಿ ಸ್ವಾಮ್ಯದ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಲ್ಲಿ ಬಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಎಣ್ಮಕಜೆ ಗ್ರಾಮದ ಕಡೆಯವರು ಬೇಡವೆಂದರೂ ಸ್ವಾಗತಿಸಬೇಕಾಯಿತು. ಜೇನುನೊಣ ಮೊದಲು ಹೋಯಿತು, ಮಕ್ಕಳ ಸರದಿ ಆಮೇಲೆ ಬಂತು. ಆ ಅತಿಥಿಯ ಸತ್ಕಾರದ ಲೆಕ್ಕ ಇನ್ನೂ ಮುಗಿದಿಲ್ಲ.

ಇನ್ನು ಕಿನ್ನರಿಯರು ಬಂದರೆಂಬುದಕ್ಕೆ ಪುರಾವೆ ಬೇಕಲ್ಲ, ಅದು ಸುಲಭ. ಇಂಗ್ಲೆಂಡಿನ ಕಾಟಿಂಗ್ಲಿಯಲ್ಲಿ 1917ರಲ್ಲಿ ಇಬ್ಬರು ಹುಡುಗಿಯರು ಕಾಗದದಲ್ಲಿ ಕತ್ತರಿಸಿದ ಕಿನ್ನರಿಯರನ್ನು ಟೊಪ್ಪಿಯ ಪಿನ್ನಿನಿಂದ ಗಿಡಗಳ ನಡುವೆ ನಿಲ್ಲಿಸಿ ತೆಗೆದ ಫೋಟೋವನ್ನು, ಪತ್ತೇದಾರಿ ಕತೆಗಳ ದೊರೆ ಆರ್ಥರ್ ಕಾನನ್ ಡಾಯ್ಲ್ ಅವರೇ ನಿಜವೆಂದು ನಂಬಿ 1920ರಲ್ಲಿ ಲೇಖನ ಬರೆದರು. ಹುಡುಗಿಯರು ಮುದುಕಿಯರಾಗಿ ಸತ್ಯ ಹೇಳಿದ್ದು 1980ರ ದಶಕದಲ್ಲಿ. ನಮ್ಮಲ್ಲಿ ಅಷ್ಟು ಕಾಯಬೇಕಾಗಿಲ್ಲ. ಗೋಡೆಗೆ ಎರಡು ರೆಕ್ಕೆ ಬರೆದು ನಡುವೆ ಜಾಗ ಬಿಟ್ಟಿದ್ದಾರೆ. ಯಾರು ನಿಂತರೂ ಕಿನ್ನರಿಯೇ.

ಹೀಗೆ ಸಕಲ ಸಿದ್ಧತೆಯೊಂದಿಗೆ ನಮ್ಮೂರಿನ ತೋಟದ ಉದ್ಘಾಟನೆ ಮುಸ್ಸಂಜೆ ಹೊತ್ತಿಗೆ ನಿಗದಿಯಾಗಿದೆ, ಏಕೆಂದರೆ ಕಿನ್ನರಿಯರು ಬರುವುದು ಆ ಹೊತ್ತಿಗೆ. ಮುಖ್ಯ ಅತಿಥಿಗಳಿಗೆ ಸೊಳ್ಳೆಯ ಉಪದ್ರ ಆಗಬಾರದೆಂದು ಅದಕ್ಕೆ ಅರ್ಧ ಗಂಟೆ ಮೊದಲು ಫಾಗಿಂಗ್ ಇದೆ. ಮಿಂಚುಹುಳ ಇಲ್ಲದ ಕೊರತೆಯನ್ನು ತುಂಬಲು ಮಾಲೆ ಬಲ್ಬುಗಳನ್ನು ಕಟ್ಟಿದ್ದಾರೆ. ಸ್ವಾಗತ ಫಲಕದಲ್ಲಿ ಇಂಗ್ಲಿಷ್ ಮೇಲೆ ದೊಡ್ಡದಾಗಿ, ಮಲಯಾಳ ಕೆಳಗೆ ಅಂದವಾಗಿ ಬಂದಿದೆ. ಇದು ಭಾಷಾ ಅಲ್ಪಸಂಖ್ಯಾತ ಪ್ರದೇಶವಾದ್ದರಿಂದ ಕನ್ನಡವೂ ಬೇಕೆಂದು ಊರವರು ಕನ್ನಡದಲ್ಲಿ ಅರ್ಜಿ ಕೊಟ್ಟಿದ್ದರು. ಅರ್ಜಿಯನ್ನು ಮಲಯಾಳದಲ್ಲಿ ಬರೆದು ಕೊಡಬೇಕೆಂದು ಉತ್ತರ ಬಂದಿದೆ.