ಮುಖ ಮೆಕ್ಸಿಕೊದ್ದು, ನಾಲಿಗೆ ಬೆಂಗಳೂರಿನದು

ಬಾಗಿಲು ತೆಗೆದ ಅಜ್ಜಿ ನನ್ನ ಜತೆಗಾರನ ಕಡೆ ನೋಡಲೇ ಇಲ್ಲ. ಅವನು ಅಮೆರಿಕದ ಇಡಾಹೊ ರಾಜ್ಯದ ಹುಡುಗ, ಆರಡಿ ಮೂರಿಂಚು, ಜೋಳದ ತೆನೆಯ ರೇಷ್ಮೆಯಂಥ ಕೂದಲು, ನೋಡದೇ ಇರೋದು ಕಷ್ಟ. ಅಂಥವನನ್ನು ದಾಟಿ ಸೀದಾ ನನ್ನ ಮುಖ ನೋಡಿ, ಉಸಿರು ತೆಗೆದುಕೊಳ್ಳದೆ ಎರಡು ನಿಮಿಷ ಸ್ಪ್ಯಾನಿಷ್‌ನಲ್ಲಿ ಮಾತಾಡಿದರು. ಕೊನೆಯಲ್ಲಿ ಏನೋ ಪ್ರಶ್ನೆ ಇತ್ತು ಅಂತ ರಾಗದಿಂದ ಗೊತ್ತಾಯಿತು. 'ಸೀ' ಅಂದೆ. ಸೀ ಅಂದ್ರೆ ಹೌದು. ಆ ಒಂದು ಹೌದಿಗೆ ಮುಂದಿನ ಶನಿವಾರ ಬೆಳಿಗ್ಗೆ ಅವರ ಹಳೇ ಫ್ರಿಜ್ಜನ್ನು ಮಹಡಿಯಿಂದ ಕೆಳಗಿಳಿಸುವ ಕೆಲಸ ನಮ್ಮಿಬ್ಬರ ತಲೆಗೆ ಬಿತ್ತು. ಸ್ಪ್ಯಾನಿಷ್ ಚೆನ್ನಾಗಿ ಬರುತ್ತಿದ್ದ ಇಡಾಹೊದವನು ಪಕ್ಕದಲ್ಲೇ ನಿಂತು ತಲೆ ಚಚ್ಚಿಕೊಳ್ಳುತ್ತಿದ್ದ.

ನನ್ನದು ಬೆಂಗಳೂರು. ಮನೆಯವರೆಲ್ಲ ಮಾರ್ಮನ್ನರು, ಅಂದ್ರೆ ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಸಭೆಯವರು. ಹಾಗನ್ನಬೇಡಿ, ಸಭೆಯ ಪೂರ್ತಿ ಹೆಸರು ಹೇಳಿ ಅಂತ 2018ರಲ್ಲಿ ಹಿರಿಯರು ತಾಕೀತು ಮಾಡಿದ್ದಾರೆ, ಆದರೆ ಆ ಹೆಸರು ಸ್ಪ್ಯಾನಿಷ್‌ನಲ್ಲಿ ಎಷ್ಟು ಉದ್ದ ಅಂದ್ರೆ ನಾನು ಹೇಳಿ ಮುಗಿಸೋದ್ರೊಳಗೆ ಎದುರಿನ ಬಾಗಿಲು ಮುಚ್ಚಿರುತ್ತಿತ್ತು. ನಮ್ಮಲ್ಲಿ ಹುಡುಗರು ಹದಿನೆಂಟು ದಾಟಿದ ಮೇಲೆ ಎರಡು ವರ್ಷ ಮಿಷನರಿಯಾಗಿ ಹೋಗೋದು ವಾಡಿಕೆ. ಯಾವ ಊರು, ಯಾವ ಭಾಷೆ ಅಂತ ನಾವು ಆರಿಸೋ ಹಾಗಿಲ್ಲ, ಪತ್ರ ಬರುತ್ತೆ, ಹೋಗಬೇಕು. ನನಗೆ ಬಂದದ್ದು ಅರಿಜೋನಾದ ಮೇಸಾ, ಸ್ಪ್ಯಾನಿಷ್. 'ಅಮೆರಿಕಾಗೆ ಹೋಗೋಕೆ ಇಂಗ್ಲಿಷ್ ಸಾಲದೇನೋ?' ಅಂತ ಅಮ್ಮ ಕೇಳಿದ್ದರು.

ಪ್ರೊವೊ ಊರಿನ ತರಬೇತಿ ಕೇಂದ್ರದಲ್ಲಿ ಆರು ವಾರ ಭಾಷೆ ಕಲಿಸಿದರು. ಅಲ್ಲಿ ನಾನೇ ಹೀರೋ, ನಿಜ ಹೇಳ್ತೀನಿ. ಅಮೆರಿಕದ ಹುಡುಗರು ತ, ದ ಹೇಳಲಾಗದೆ ಒದ್ದಾಡುವಾಗ ನಾನು ಸುಮ್ನೆ ಕನ್ನಡದ ಹಾಗೆ ಹೇಳಿಬಿಡುತ್ತಿದ್ದೆ. ನೀನು, ನೀವು ಎರಡೂ ಬೇರೆ ಬೇರೆ, ಅದೂ ನಮ್ಮ ಹಾಗೇ. ಮೇಸಾ ಅಂದ್ರೆ ಮೇಜು, ಪಗಾರ್ ಅಂದ್ರೆ ದುಡ್ಡು ಕೊಡೋದು, ಪೋರ್ಚುಗೀಸರು ಆ ಜಾತಿಯ ನಾಲ್ಕು ಮಾತು ನಮಗೂ ಬಿಟ್ಟು ಹೋಗಿದ್ದಾರಲ್ಲ. ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಆಮೇಲೆ ಎಲ್ಲೂ ಬಳಸದೆ ಬಿಟ್ಟಿದ್ದ 'ಞ' ಅಕ್ಷರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು. ಅಲ್ಲಿ ಎಚ್ ಬರೆದರೆ ನಮ್ಮ ಮಂಡ್ಯ ಕಡೆಯವರ ಹಾಗೆ ನುಂಗಿಬಿಡ್ತಾರೆ, ಜೆ ಬರೆದರೆ ಹ ಅಂತಾರೆ. ಹಾಗಾಗಿ ಎದೆಯ ಮೇಲಿನ ಕಪ್ಪು ಬ್ಯಾಡ್ಜಿನಲ್ಲಿದ್ದ 'ಎಲ್ಡರ್ ರಾಜ್' (ಮಿಷನರಿ ಹುಡುಗರನ್ನೆಲ್ಲ ಎಲ್ಡರ್ ಅಂತಲೇ ಕರೆಯೋದು) ಮೇಸಾಗೆ ಹೋದ ದಿನವೇ 'ಎಲ್ಡರ್ ರಾಹ್' ಆದ. ಎರಡು ವರ್ಷ ಹಾಗೇ ಇದ್ದ.

ಕೈ ಕೊಟ್ಟದ್ದು ಒತ್ತು. ಕನ್ನಡದಲ್ಲಿ ಮಾತಿನ ಯಾವ ಭಾಗ ಒತ್ತಿ ಹೇಳಿದರೂ ಅರ್ಥ ಬದಲಾಗಲ್ಲ, ಅಲ್ವಾ? ಸ್ಪ್ಯಾನಿಷ್‌ನಲ್ಲಿ ಎರಡನೇ ಪಾ ಒತ್ತಿದರೆ ಪಾಪಾ ಅಪ್ಪ ಆಗ್ತಾನೆ, ಮೊದಲನೆಯದನ್ನು ಒತ್ತಿದರೆ ಆಲೂಗೆಡ್ಡೆ ಆಗ್ತಾನೆ. ಒಂದು ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಆ ಅಕ್ಕನ (ಸಭೆಯ ಹೆಂಗಸರನ್ನೆಲ್ಲ ನಾವು ಎರ್ಮಾನಾ, ಅಂದ್ರೆ ಅಕ್ಕ ಅಂತಲೇ ಕರೆಯೋದು) ಅಪ್ಪನಿಗೆ ಮಂಡಿ ಆಪರೇಷನ್ ಆಗಿತ್ತು. ಊಟಕ್ಕೆ ಮುಂಚೆ ನಾನು ಕಣ್ಣು ಮುಚ್ಚಿ, ಮನಸ್ಸಿಟ್ಟು ಪ್ರಾರ್ಥನೆ ಮಾಡಿದೆ: ದೇವರೇ, ಇವರ ಆಲೂಗೆಡ್ಡೆಯನ್ನು ಆಶೀರ್ವದಿಸು, ಅದು ಬೇಗ ಎದ್ದು ನಡೆಯಲಿ, ಆಲೂಗೆಡ್ಡೆಯ ನೋವೆಲ್ಲ ಹೋಗಲಿ. ಮೇಜಿನ ಆ ಕಡೆಯಿಂದ ಗೊರಕೆಯಂಥ ಸದ್ದು ಬಂತು. ಏಳು ವರ್ಷದ ಮಗ, ಮೂಗು ಹಿಡಿದುಕೊಂಡು ನಗು ತಡೆಯುತ್ತಿದ್ದ. ಅಳುತ್ತಿದ್ದಾನೆ ಪಾಪ, ತಾತ ಅಂದ್ರೆ ಪ್ರಾಣ ಇರಬೇಕು ಅಂದುಕೊಂಡು ನಾನು ಆಲೂಗೆಡ್ಡೆಗೆ ಇನ್ನೂ ಒಂದು ವಾಕ್ಯ ಸೇರಿಸಿದೆ. ಆಮೆನ್ ಅಂದು ಕಣ್ಣು ಬಿಟ್ಟರೆ ನಡುವೆ ಹೊಗೆಯಾಡುತ್ತಿದ್ದದ್ದು ಏನು? ಬೇಯಿಸಿದ ಆಲೂಗೆಡ್ಡೆ. ಅಕ್ಕ ಮುಖ ಸಪ್ಪಗೆ ಇಟ್ಟುಕೊಂಡೇ 'ಇದು ಇನ್ನು ನಡೆಯಲ್ಲ, ತಿನ್ನಿ' ಅಂದರು.

ಊಟದ ವಿಷಯದಲ್ಲಿ ಮಾತ್ರ ಯಾರೂ ನನ್ನನ್ನು ಸೋಲಿಸಲಿಲ್ಲ. ಮೆನೂದೊ ಅಂತ ಒಂದು ಖಾರದ ಸಾರು ಕೊಡ್ತಾರೆ, ಅದನ್ನು ನೋಡಿ ಇಡಾಹೊದವನು ಬಿಳುಚಿಕೊಂಡ (ಅವನು ಇನ್ನಷ್ಟು ಬಿಳುಪಾಗಬಹುದು ಅಂತ ನನಗೂ ಗೊತ್ತಿರಲಿಲ್ಲ). ಬೋಟಿ ಕಣ್ರೀ, ನಮ್ಮ ಬೋಟಿ! ನನ್ನದು ಮುಗಿಸಿ ಅವನದನ್ನೂ ಕಣ್ಣು ತಪ್ಪಿಸಿ ಬದಲಾಯಿಸಿಕೊಂಡೆ. ಅವನ ಬಟ್ಟಲು ಖಾಲಿಯಾದದ್ದು ನೋಡಿ ಆ ಮನೆಯವರಿಗೆ ಎಷ್ಟು ಖುಷಿಯಾಯಿತೆಂದರೆ ಅವನಿಗೇ ಮತ್ತೆ ತುಂಬಿಸಿದರು. ಅದೇ ರಾತ್ರಿ ಏಳೂವರೆಗೆ ಇನ್ನೊಂದು ಮನೆಯಲ್ಲೂ ಊಟಕ್ಕೆ ಒಪ್ಪಿಕೊಂಡಿದ್ದೆ. ಅದೂ ಒಂದು 'ಸೀ'.

ಸೋಮವಾರ ನಮಗೆ ಬಿಡುವು: ಬಟ್ಟೆ ಒಗೆಯೋದು, ಸಾಮಾನು ತರೋದು, ಮನೆಗೆ ಫೋನ್. ಮುಂಚೆ ವರ್ಷಕ್ಕೆ ಎರಡೇ ಸಲ ಮಾತಾಡಬಹುದಿತ್ತು, 2019ರಿಂದ ವಾರಕ್ಕೊಮ್ಮೆ. ಅಲ್ಲಿ ಬೆಳಿಗ್ಗೆ ಒಂಬತ್ತು, ಬೆಂಗಳೂರಲ್ಲಿ ರಾತ್ರಿ ಒಂಬತ್ತೂವರೆ. ಅಮ್ಮನದು ಒಂದೇ ಪ್ರಶ್ನೆ, ಅನ್ನ ಸಿಗುತ್ತಾ? ಸಿಗುತ್ತಮ್ಮ, ಕೆಂಪಗೆ ಟೊಮೇಟೊ ಬಾತ್ ಥರ ಇರುತ್ತೆ, ಒಗ್ಗರಣೆ ಒಂದಿಲ್ಲ.

ಬೆಳಿಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು. ನಡುವಿನಲ್ಲಿ ಜತೆಗಾರನನ್ನು ಬಿಟ್ಟು ಎಲ್ಲೂ ಹೋಗೋ ಹಾಗಿಲ್ಲ, ಬಚ್ಚಲುಮನೆಗೆ ಮಾತ್ರ ವಿನಾಯಿತಿ. ಬಿಳಿ ಶರ್ಟು, ಟೈ, ಹೆಲ್ಮೆಟ್ಟು, ಸೈಕಲ್ಲು. 2023ರ ಬೇಸಿಗೆಯಲ್ಲಿ ಪಕ್ಕದ ಫೀನಿಕ್ಸಿನಲ್ಲಿ ಸತತ 31 ದಿನ ಬಿಸಿಲು 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು ಇಲ್ಲವೇ ದಾಟಿತ್ತು, ನಮ್ಮ ಲೆಕ್ಕದಲ್ಲಿ 43ರ ಮೇಲೆ. ಅಂಥ ಬಿಸಿಲಲ್ಲಿ ಒಬ್ಬರು ಕಿಟಕಿಯಿಂದ 'ಆಓರೀತಾ' ಅಂದರು. ನಿಘಂಟಿನಲ್ಲಿ ಅದಕ್ಕೆ 'ಈಗಲೇ' ಅಂತ ಅರ್ಥ. ಗೇಟಿನ ಹತ್ತಿರ ನಲವತ್ತು ನಿಮಿಷ ನಿಂತೆವು. ಜತೆಗಾರ ಗಡಿಯಾರ ನೋಡಿಕೊಂಡು ಕೊತಕೊತ ಕುದಿಯುತ್ತಿದ್ದ. ನನಗೆ ಒಂಚೂರೂ ಬೇಜಾರಾಗಲಿಲ್ಲ. ಸ್ನಾನಕ್ಕೇ ಹೋಗದೆ 'ಬಂದೆ, ಇಲ್ಲೇ ಸಿಗ್ನಲ್ ಹತ್ರ ಇದ್ದೀನಿ' ಅನ್ನೋ ಊರಿನವನು ನಾನು.

ವಾಪಸ್ ಬರುವಾಗ ಎರಡೂ ಸೈಕಲ್ ಪಂಕ್ಚರ್. 'ಇದು ಅರಿಜೋನಾ ಮುಳ್ಳು, ನೀನು ನೋಡಿರಲ್ಲ' ಅಂತ ಜತೆಗಾರ ಟೈರಿನಿಂದ ಒಂದನ್ನು ಕಿತ್ತು ಅಂಗೈಗೆ ಹಾಕಿದ. ಸಣ್ಣ ಕಾಯಿ, ಎರಡು ಕೊಂಬು. ನೋಡಿದರೆ ಸಾಕ್ಷಾತ್ ನಮ್ಮ ನೆಗ್ಗಿಲು! ಅಜ್ಜಿ ಊರಲ್ಲಿ ಬರಿಗಾಲಲ್ಲಿ ಹೊಲಕ್ಕೆ ಹೋಗಿ ಚುಚ್ಚಿಸಿಕೊಂಡು ಅತ್ತದ್ದು ಇದಕ್ಕೇ. ಅದೂ ನನ್ನ ಹಾಗೆ ಸಮುದ್ರದಾಚೆಯಿಂದ ಅಲ್ಲಿಗೆ ಹೋದದ್ದು, ಆದರೆ ಅದನ್ನು ಯಾರೂ ಯಾವ ಊರು ಅಂತ ಕೇಳಲ್ಲ.

ನನ್ನನ್ನು ಕೇಳ್ತಾರೆ. ದಿನಕ್ಕೆ ಹತ್ತು ಸಲ. ಇಂಡಿಯಾ ಅಂದರೆ ನಂಬಲ್ಲ, ಅಮೆರಿಕದ್ದೇ ಇಂಡಿಯಾನಾ ರಾಜ್ಯ ಅಂತ ತಿಳ್ಕೋತಾರೆ, ಆಮೇಲೆ ಎಷ್ಟು ಹಸು ಇದೆ ಅಂತ ಕೇಳ್ತಾರೆ. ಫ್ರಿಜ್ಜಿನ ಅಜ್ಜಿ ಮನೆಗೆ ಆಮೇಲೆ ವಾರಕ್ಕೊಮ್ಮೆ ಹೋಗುತ್ತಿದ್ದೆವು. ಮೇಸಾದ ನಮ್ಮ ದೇವಾಲಯದ ಬಾಗಿಲು ತೆರೆದದ್ದು 1927ರಲ್ಲಿ, ಅದರೊಳಗಿನ ವಿಧಿಗಳು ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ, ಅಂದ್ರೆ ಸ್ಪ್ಯಾನಿಷ್‌ನಲ್ಲಿ, ಮೊದಲು ನಡೆದದ್ದು ಅಲ್ಲೇ, 1945ರಲ್ಲಿ. ಅಜ್ಜಿ ಅದನ್ನು ತಾವೇ ಮಾಡಿಸಿದ ಹಾಗೆ ಹೇಳೋರು. ಒಂದು ದಿನ ಹಾಗೆ ಹೇಳ್ತಾ ಹೇಳ್ತಾ 'ಮಿಹೋ (ಅಂದ್ರೆ ಮಗನೇ), ಮೆಕ್ಸಿಕೊದಲ್ಲಿ ನಿಂದು ಯಾವ ಕಡೆ?' ಅಂದರು. ಬಿಸಿಲಲ್ಲಿ ಬಂದು ಸುಸ್ತಾಗಿತ್ತು. 'ದಕ್ಷಿಣ' ಅಂದುಬಿಟ್ಟೆ. ಸುಳ್ಳಲ್ಲ, ಕರ್ನಾಟಕ ದಕ್ಷಿಣದಲ್ಲೇ ಇದೆ.

ಮುಂದಿನ ವಾರ ಹೋದಾಗ ಸೋಫಾದ ಮೇಲೆ ಒಬ್ಬ ಹಿರಿಯರು ಕೂತಿದ್ದರು. ವಾಹಾಕಾದವರು, ದಕ್ಷಿಣ ಮೆಕ್ಸಿಕೊ. 'ನಿಮ್ಮ ಕಡೆಯವರು!' ಅಂತ ಅಜ್ಜಿ ಚಪ್ಪಾಳೆ ತಟ್ಟಿದರು. ಅವರು ಎದ್ದು ನನ್ನ ಎರಡೂ ಕೈ ಹಿಡಿದುಕೊಂಡು ಮಾತಾಡತೊಡಗಿದರು. ಸ್ಪ್ಯಾನಿಷ್ ಅಲ್ಲ, ಅವರ ಮನೆಮಾತು ಸಪೊತೆಕ್. ನನಗೆ ಏನಾಯಿತೋ ಗೊತ್ತಿಲ್ಲ, ಗಾಬರಿಯಲ್ಲಿ ಬಾಯಿಗೆ ಬಂದದ್ದು ಅಪ್ಪಟ ಕನ್ನಡ. 'ಅಯ್ಯೋ, ಕೂತ್ಕೊಳಿ ಸಾರ್, ನೀವು ಎದ್ದೇಳಬೇಡಿ' ಅಂದೆ. ಅವರು ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಅಜ್ಜಿಯ ಕಡೆ ತಿರುಗಿ ಸ್ಪ್ಯಾನಿಷ್‌ನಲ್ಲಿ ಹೇಳಿದರು:

'ಹುಡುಗ ನಮ್ಮವನೇ. ಗುಡ್ಡದ ಆ ಕಡೆಯ ಹಳ್ಳಿ ಇರಬೇಕು, ಅವರ ಮಾತು ನಮಗೆ ಅರ್ಥ ಆಗಲ್ಲ.'